ಶಿಶುವಿನ ಕಣ್ಣು ಮತ್ತು ಸಮದರ್ಶನ

ಶಿಶುವಿನ ಮನಸ್ಸು ನಿರ್ಮಲವಾದುದೆಂದೂ, ಜಾತಿ ವರ್ಣಗಳ ಮೇಲುಕೀಳು ಅದಕ್ಕೆ ಸಹಜವಲ್ಲವೆಂದೂ, ಆದುದರಿಂದ ಅಂಥ ವಿಷಯಗಳನ್ನು ಮಕ್ಕಳ ಮುಂದೆ ಎತ್ತದಿರುವುದೇ ವಿವೇಕವೆಂದೂ ನಮ್ಮಲ್ಲಿ ಅನೇಕ ಸಜ್ಜನರು ನಂಬಿರುವರು. ಈ ನಂಬಿಕೆಯ ಪೂರ್ವಾರ್ಧವನ್ನು ಒಪ್ಪಿದರೂ ಉತ್ತರಾರ್ಧವು ಅದರಿಂದ ಹೊರಡುವುದಿಲ್ಲ. ಮೇಲುಕೀಳಿನ ಬುದ್ಧಿ ಹುಟ್ಟಿನೊಡನೆ ಬಂದುದಲ್ಲವಾದರೆ ಅದನ್ನು ಯಾರೋ ಕಲಿಸಿರಲೇಬೇಕು; ಹಾಗಾದರೆ ಆ ಗುರು ಯಾರು?

ಅಮೆರಿಕದ ಮನಶ್ಶಾಸ್ತ್ರಜ್ಞ ದಂಪತಿಗಳಾದ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ 1947ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಇಲ್ಲಿ ನೆನೆಯಬೇಕು. 3ರಿಂದ 7 ವರ್ಷದ 253 ಕಪ್ಪು ಜನಾಂಗದ ಮಕ್ಕಳ ಮುಂದೆ, ಮೈಬಣ್ಣ ಕೂದಲ ಬಣ್ಣಗಳ ಹೊರತು ಬೇರಾವ ವ್ಯತ್ಯಾಸವೂ ಇಲ್ಲದ ನಾಲ್ಕು ಗೊಂಬೆಗಳನ್ನಿಟ್ಟು, ಆಡಲು ಬೇಕಾದುದನ್ನು ಕೊಡು, ಕೆಟ್ಟದಾಗಿ ಕಾಣುವುದನ್ನು ಕೊಡು ಎಂದು ಕೇಳಲಾಗಿ, ಮೂರರಲ್ಲಿ ಎರಡು ಪಾಲು ಮಕ್ಕಳು ಆಟಕ್ಕೆ ಬಿಳಿಯ ಗೊಂಬೆಯನ್ನೇ ಆರಿಸಿದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಕೆಟ್ಟದೆಂದು ಕಂದುಬಣ್ಣದ ಗೊಂಬೆಯನ್ನು ತೋರಿದರು. ಬಳಿಕ, ನಿನ್ನಂತೆ ಕಾಣುವುದು ಯಾವುದು ಎಂದಾಗ ಕೆಲವು ಮಕ್ಕಳು ಅಳುತ್ತ ಕೋಣೆಯಿಂದ ಓಡಿಹೋದುದುಂಟು. ಅಕ್ಷರವನ್ನೇ ತಿದ್ದದ ಕೂಸುಗಳಿಗೆ ತಮ್ಮ ಮೈಯನ್ನು ತಾವೇ ಹಳಿದುಕೊಳ್ಳುವ ಪಾಠವನ್ನು ಯಾವ ಉಪಾಧ್ಯಾಯನೂ ಕೂರಿಸಿ ಹೇಳಿಕೊಟ್ಟಿರಲಾರನು. 1954ರ ಮೇ 17ರಂದು ಆ ದೇಶದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದ, ವರ್ಣಾನುಸಾರವಾಗಿ ಸರ್ಕಾರಿ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನವಿರುದ್ಧವೆಂದು ತೀರ್ಪಿತ್ತಾಗ, ಅವರು ಆಧಾರವಾಗಿ ಉಲ್ಲೇಖಿಸಿದ ಬರಹಗಳಲ್ಲಿ ಕ್ಲಾರ್ಕರದೂ ಸೇರಿತ್ತು.

ಇದು ದೂರದೇಶದ ಮಾತೆಂದು ನಾವು ನೆಮ್ಮದಿಗೊಳ್ಳುವಂತಿಲ್ಲ. ನವರಾತ್ರಿಯಲ್ಲಿ ಪೀಠವೇರಿಸಿ ರೇಷ್ಮೆಯುಡಿಸಿ ಪೂಜಿಸುವ ನಮ್ಮ ಹಳೆಯ ಪಟ್ಟದ ಗೊಂಬೆಗಳು ರಕ್ತಚಂದನದ ಕಪ್ಪುಗೆಂಪಿನವು. ಮೇಘಶ್ಯಾಮನೆಂದು ನಾವು ಹಾಡುವ ದೇವನ ಬಣ್ಣವೂ ಬಿಳಿಯದಲ್ಲ. ಆದರೂ ಅದೇ ಮನೆಯಲ್ಲಿ ಹೆಣ್ಣುಕೂಸು ಹುಟ್ಟಿದರೆ ತೊಟ್ಟಿಲ ಬಳಿಗೆ ಬಂದವರು ಮೊದಲು ಆಡುವ ಮಾತು ಬಣ್ಣವನ್ನು ಕುರಿತದ್ದು. ಕಡಲೆಹಿಟ್ಟು ಹಚ್ಚಿ ಮೀಯಿಸಿದರೆ ತಿಳಿಯಾದೀತೆಂದು ಸಮಾಧಾನವನ್ನೂ ಹೇಳುವರು. ಹಿತ್ತಲ ಬಾಗಿಲಿನಿಂದ ಬಂದು ಕೊಟ್ಟಿಗೆ ಬಳಿದುಹೋಗುವ ಹೆಂಗಸಿಗೆ ಗೋಡೆಯ ಗೂಡಿನಲ್ಲಿ ಪ್ರತ್ಯೇಕವಾದ ಲೋಟವಿರುವುದನ್ನು ನಾಲ್ಕು ವರ್ಷದ ಮಗು ದಿನವೂ ನೋಡುತ್ತದೆ, ಒಂದು ದಿನ ಕೇಳಿಯೂ ಕೇಳುತ್ತದೆ: "ಅಮ್ಮಾ, ಅವರಿಗೇಕೆ ಬೇರೆ ಲೋಟ?" "ಸುಮ್ಮನಿರು" ಎಂಬುದು ಅದಕ್ಕೆ ದೊರೆಯುವ ಉತ್ತರ. ನಾವು ಅರಸುತ್ತಿದ್ದ ಗುರು ಈ "ಸುಮ್ಮನಿರು" ಎಂಬ ಮಾತೇ.

ಸಮದರ್ಶನವೆಂದರೆ ಭೇದವನ್ನು ಕಾಣದಿರುವುದೆಂದು ತಿಳಿದವರು ಮೌನವನ್ನೇ ಸಮತೆಯೆಂದು ಭ್ರಮಿಸುವರು. ಗೀತೆಯ ಐದನೆಯ ಅಧ್ಯಾಯದಲ್ಲಿ ವಿದ್ಯಾವಂತನಾದ ಬ್ರಾಹ್ಮಣನಲ್ಲಿ, ಹಸುವಿನಲ್ಲಿ, ಆನೆಯಲ್ಲಿ, ನಾಯಿಯಲ್ಲಿ, ಶ್ವಪಾಕನಲ್ಲಿ ಎಂದರೆ ಚಂಡಾಲನಲ್ಲಿ ಸಮವನ್ನು ಕಾಣುವವನೇ ಪಂಡಿತನೆಂದಿರುವುದು. ಆ ಪಂಡಿತನಿಗೆ ಆನೆ ಯಾವುದು, ನಾಯಿ ಯಾವುದು ಎಂಬುದು ತಿಳಿಯದೆಂದು ಇದರ ಅರ್ಥವಲ್ಲ. ಭೇದವನ್ನು ಅರಿಯುವುದು ಬೇರೆ, ಅದಕ್ಕೆ ಬೆಲೆ ಕಟ್ಟಿ ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ ಇಡುವುದು ಬೇರೆ. ಮೊದಲನೆಯದು ಮಗುವಿನ ಕಣ್ಣಿನ ಧರ್ಮ. ಎರಡನೆಯದು ನಮ್ಮ ಕೊಡುಗೆ. ಕಾಶಿಯ ಓಣಿಯಲ್ಲಿ, ದೂರ ಸರಿಯೆಂದ ಶಂಕರಾಚಾರ್ಯರನ್ನು ಚಂಡಾಲನೊಬ್ಬನು, ಸರಿಯಬೇಕಾದುದು ದೇಹವೋ ಆತ್ಮವೋ ಎಂದು ಕೇಳಿದನೆಂದೂ, ಮನೀಷಾಪಂಚಕವು ಆ ಪ್ರಶ್ನೆಯಿಂದಲೇ ಹುಟ್ಟಿತೆಂದೂ ಸಂಪ್ರದಾಯ ಹೇಳುತ್ತದೆ. ಆಚಾರ್ಯರು ಅವನನ್ನು ಗದರಿಸಿ ಮುಂದೆ ನಡೆಯಲಿಲ್ಲ. ನಿಂತರು, ಕೇಳಿದರು, ತಲೆಬಾಗಿದರು. ಲೋಟವನ್ನು ಕುರಿತು ಮಗು ಕೇಳಿದ ಪ್ರಶ್ನೆ ಅದೇ ಪ್ರಶ್ನೆಯೇ ಆಗಿರುವಾಗ ಅದಕ್ಕೆ ಅಷ್ಟಾದರೂ ಗೌರವ ಸಲ್ಲಬೇಡವೆ?

ನ್ಯಾಯದ ಬೀಜವಂತೂ ಮಗುವಿನಲ್ಲಿ ಆಗಲೇ ಇದೆ. ತನಗೆ ಬೆಲ್ಲ ಕಡಿಮೆ ಬಂದಿತೆಂದು ಅಳುವ ಕೂಸಿಗೆ, ಪಕ್ಕದವನಿಗೆ ಕಡಿಮೆ ಬಂದಾಗಲೂ ನೋಯುವುದನ್ನು ಕಲಿಸಿದರೆ ಸಮತೆಯ ಶಿಕ್ಷಣದ ಬಹುಭಾಗ ಮುಗಿಯಿತು. 1975ರಿಂದ ನಡೆದುಬಂದಿರುವ ಅಂಗನವಾಡಿಗಳಲ್ಲಿ, 3ರಿಂದ 6 ವರ್ಷದ ಮಕ್ಕಳು ಒಂದೇ ಪಾತ್ರೆಯಿಂದ ಬಡಿಸಿದ್ದನ್ನು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದಕ್ಕಿಂತ ದೊಡ್ಡ ಧರ್ಮೋಪದೇಶವನ್ನು ನಾನು ಕಾಣೆ. ಅಡಿಗೆ ಮಾಡಿದವಳ ಜಾತಿಯನ್ನು ಕೇಳಿ ಮಗುವನ್ನು ಆ ಸಾಲಿನಿಂದ ಎಬ್ಬಿಸಿಕೊಂಡು ಹೋಗುವ ತಂದೆತಾಯಿಗಳು, ಅಂದೇ ಆ ಮಗುವಿಗೆ ಅದಕ್ಕೆ ವಿರುದ್ಧವಾದ ಉಪದೇಶವನ್ನು ಕೊಟ್ಟಂತಾಯಿತು.

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮ ಮನೆಯ ಮಗು ಲೋಟದ ಮಾತೆತ್ತಿದ ದಿನ, ತಪ್ಪು ನಮ್ಮದೆಂದು ಅದಕ್ಕೆ ಹೇಳಿ, ಅದರ ಕೈಯಿಂದಲೇ ಗೂಡಿನ ಲೋಟವನ್ನು ತೆಗೆಸಿ, ಅಡಿಗೆಮನೆಯ ಲೋಟಗಳ ಜೊತೆಯಲ್ಲಿ ಇರಿಸಿರಿ.