ಯಾರ ದುಡ್ಡು, ಯಾರ ತೀರ್ಮಾನ

2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮೆಷಿನ್ ಬಿಟ್ಟೆದ್ದು ರಸ್ತೆಗೆ ಬಂದರು. ಹೊಸೂರು ರಸ್ತೆಯೂ ನಮ್ಮ ತುಮಕೂರು ರಸ್ತೆಯೂ ಕಟ್ಟಿಕೊಂಡವು. ಪಿಎಫ್‌ನಲ್ಲಿ ಮಾಲೀಕರು ಹಾಕಿದ ಪಾಲನ್ನು ಐವತ್ತೆಂಟು ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ಫೆಬ್ರವರಿಯಲ್ಲಿ ಆದೇಶ ಹೊರಡಿಸಿತ್ತು. ಎರಡನೇ ದಿನವೇ ಅದನ್ನು ವಾಪಸ್ ತೆಗೆದುಕೊಂಡಿತು.

ನಾನು ರಾಜಗೋಪಾಲನಗರದವಳು. ಪೀಣ್ಯ ಎರಡನೇ ಹಂತದ ಒಂದು ಫ್ಯಾಕ್ಟರಿಯಲ್ಲಿ ವರ್ಷಾನುಗಟ್ಟಲೆ ಬಟ್ಟೆ ಹೊಲಿದೆ; ತತ್ವಶಾಸ್ತ್ರದ ಎಂಎ ಕಟ್ಟಿದ್ದು ಆಮೇಲೆ, ಅಂಚೆ ಶಿಕ್ಷಣದಲ್ಲಿ. ಸಮಾನತೆ, ಹಂಚಿಕೆಯ ನ್ಯಾಯ ಎಂದು ಓದುವಾಗಲೆಲ್ಲ ಆ ಎರಡು ದಿನಗಳೇ ಕಣ್ಣಮುಂದೆ ಬರುತ್ತವೆ.

ಸರ್ಕಾರದ ವಾದದಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಮುಪ್ಪಿಗೆ ನಾಲ್ಕು ಕಾಸು ಉಳಿಯಲಿ ಎಂಬುದು ಅದರ ಮಾತು. ತತ್ವಜ್ಞಾನಿ ಜಾನ್ ರಾಲ್ಸ್ 1971ರ ತಮ್ಮ ನ್ಯಾಯದ ಗ್ರಂಥದಲ್ಲಿ ಒಂದು ಪರೀಕ್ಷೆ ಒಡ್ಡುತ್ತಾರೆ: ನೀವು ಟೈಲರ್ ಆಗುತ್ತೀರೋ ಮಾಲೀಕರಾಗುತ್ತೀರೋ ಗೊತ್ತಿಲ್ಲದಿದ್ದಾಗ ಎಂಥ ವ್ಯವಸ್ಥೆಗೆ ಒಪ್ಪುತ್ತೀರಿ? ಮುಪ್ಪಿನ ಭದ್ರತೆಗೆ ಬಹಳ ಜನ ಹೂಂ ಎಂದಾರು. ನಾನೂ ಎಂದೇನು. ಹಾಗಾದರೆ ಅಷ್ಟೊಂದು ಸಿಟ್ಟು ಎಲ್ಲಿಂದ ಬಂತು?

ನಮ್ಮ ಬೀದಿಯ ಲೆಕ್ಕ ಗೊತ್ತಿದ್ದರೆ ಈ ಪ್ರಶ್ನೆ ಏಳುವುದಿಲ್ಲ. ತಿಂಗಳ ಸಂಬಳ ಬಾಡಿಗೆಗೆ, ರೇಷನ್ನಿಗೆ, ಬಸ್ಸಿಗೆ ಸರಿಹೋಗುತ್ತದೆ. ವಠಾರದ ಒಂದು ರೂಮಿನಿಂದ ಎರಡು ರೂಮಿನ ಮನೆಗೆ ಹೋಗಬೇಕಾದರೆ ಅಡ್ವಾನ್ಸ್ ಬೇಕು, ಜೂನ್ ಬಂದರೆ ಸ್ಕೂಲ್ ಫೀಸು. ಒಂದೇ ಗಂಟಾಗಿ ಕೈಗೆ ಬರುವ ದುಡ್ಡೆಂದರೆ ಪಿಎಫ್. ಅದಕ್ಕಾಗಿ ನಮ್ಮ ಹೆಂಗಸರು ನಾಲ್ಕೈದು ವರ್ಷ ದುಡಿದು ರಾಜೀನಾಮೆ ಕೊಡುತ್ತಿದ್ದರು. ಫಾರಂ 19, 10ಸಿ ತುಂಬಿ, ಎರಡು ತಿಂಗಳು ಓಲೆ ಅಡವಿಟ್ಟು ದಿನ ದೂಡಿ, ಆಮೇಲೆ ಇನ್ನೊಂದು ಫ್ಯಾಕ್ಟರಿ ಸೇರುತ್ತಿದ್ದರು. ನನ್ನ ಪಕ್ಕದ ಮೆಷಿನ್‌ನಲ್ಲಿ ಕಾಲರ್ ಕೂರಿಸುತ್ತಿದ್ದ ಹುಡುಗಿ ಪಿಎಫ್ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಊಟದ ಬ್ಯಾಗಿನ ಒಳಜೇಬಿನಲ್ಲಿಟ್ಟಿರುತ್ತಿದ್ದಳು. ಎಟಿಎಂ ಕಾರ್ಡ್ ಗಂಡನ ಹತ್ತಿರ. "ಸಂಬಳ ಮನೇದು ಕಣಕ್ಕ, ಇದೊಂದೇ ನಂದು" ಅನ್ನುತ್ತಿದ್ದಳು. ಐವತ್ತೆಂಟು ಎಂದರೆ ಅವಳಿಗೆ ಏನರ್ಥ? ನಮ್ಮ ಲೈನಿನಲ್ಲಿ ಆ ವಯಸ್ಸಿನ ಟೈಲರ್ ಒಬ್ಬರೂ ಇರಲಿಲ್ಲ. ಅಷ್ಟರೊಳಗೆ ಕಣ್ಣೋ ಸೊಂಟವೋ ಕೈಕೊಟ್ಟಿರುತ್ತದೆ.

ರೊನಾಲ್ಡ್ ಡ್ವೊರ್ಕಿನ್ 1981ರಲ್ಲಿ ಬರೆದ ಲೇಖನಗಳಲ್ಲಿ ಕೆಟ್ಟ ಅದೃಷ್ಟವನ್ನೂ ಸ್ವಂತ ಆಯ್ಕೆಯನ್ನೂ ಬೇರೆ ಮಾಡಿದರು: ಅದೃಷ್ಟ ಕೈಕೊಟ್ಟರೆ ಸಮಾಜ ತುಂಬಿಕೊಡಬೇಕು, ಆಯ್ಕೆಯ ಫಲ ಅವರವರದು. ಓಲೆ ಅಡವಿಟ್ಟವಳದು ಯಾವುದು? ಅದನ್ನು ವಿಂಗಡಿಸಲು ಯಾರೋ ಒಬ್ಬರು ಅವಳ ಬದುಕನ್ನು ತೂಗುತ್ತ ಕೂರಬೇಕಾಗುತ್ತದೆ. ಎಲಿಜಬೆತ್ ಆಂಡರ್ಸನ್ 1999ರಲ್ಲಿ ಎತ್ತಿದ ತಕರಾರು ಹೆಚ್ಚುಕಡಿಮೆ ಇದೇ. ಒಬ್ಬರ ಮುಂದೊಬ್ಬರು ತಲೆ ತಗ್ಗಿಸದೆ ನಿಲ್ಲುವಂತಾಗುವುದು ಸಮಾನತೆಯ ಉದ್ದೇಶ ಎಂದರು ಅವರು. ನನ್ನ ಮನಸ್ಸು ಅತ್ತಲೇ ವಾಲುತ್ತದೆ. ಆದರೆ ಕೈಯಲ್ಲಿ ಕಾಸಿಲ್ಲದೆ ಎತ್ತಿದ ತಲೆ ಎಷ್ಟು ದಿನ ನಿಂತೀತು? ಹಂಚಿಕೆಯ ಲೆಕ್ಕವನ್ನು ಬಿಟ್ಟುಬಿಡಲು ನಾನು ತಯಾರಿಲ್ಲ. ಆ ಲೆಕ್ಕ ಹಾಕುವಾಗ ದುಡಿದವಳೂ ಅಲ್ಲಿರಬೇಕು, ಅಷ್ಟೇ.

ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಸಭೆಗಳಲ್ಲಿ ದುಡಿಯುವವರಿಗೆ ತೃಪ್ತಿಯ ಪಾಠವಾಗಿ ಹೇಳುತ್ತಾರೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವಳು ಮಿಕ್ಕಿದ್ದನ್ನು ವಾಪಸ್ ಕಳಿಸಿದಳಲ್ಲ, ಆ ಕಥೆ. ಬಸವಣ್ಣನೇ ಕನಿಕರದಿಂದ ಹೆಚ್ಚು ಅಕ್ಕಿ ಚೆಲ್ಲಿಸಿದ್ದ ಎಂದೂ ಹೇಳುವುದುಂಟು. ನನ್ನನ್ನು ಹಿಡಿದು ನಿಲ್ಲಿಸುವುದು ಈ ಕಥೆಯ ಇನ್ನೊಂದು ಅಂಶ. ಎಷ್ಟು ಸಾಕು ಎಂಬ ತೀರ್ಮಾನ ಆ ಗುಡಿಸಲಿನಲ್ಲೇ ಆಯಿತು. ಬಸವಣ್ಣನಂಥವನ ಕನಿಕರಕ್ಕೂ ಲಕ್ಕಮ್ಮನ ಪರವಾಗಿ ತೀರ್ಮಾನಿಸುವ ಅಧಿಕಾರ ಇರಲಿಲ್ಲ.

ಕಾನೂನಿನ ಪ್ರಕಾರ ಪಿಎಫ್‌ನ ಕೇಂದ್ರ ಟ್ರಸ್ಟಿಗಳ ಮಂಡಳಿಯಲ್ಲಿ ಮಾಲೀಕರ ಕಡೆಯಿಂದ ಹತ್ತು ಜನ, ಕಾರ್ಮಿಕರ ಕಡೆಯಿಂದ ಹತ್ತು ಜನ ಇರುತ್ತಾರೆ. ಕಾರ್ಮಿಕರ ಆ ಹತ್ತು ಜಾಗಗಳಲ್ಲಿ ಒಂದೆರಡಾದರೂ ಲೈನಿನಲ್ಲಿ ಕೂತು ಹೊಲಿಯುವ ಹೆಂಗಸರಿಗೇ ಮೀಸಲಾಗಬೇಕು. ರಾಜೀನಾಮೆಗೂ ಪಿಎಫ್ ಕೈಸೇರುವುದಕ್ಕೂ ನಡುವಿನ ದಿನಗಳಲ್ಲಿ ಒಲೆ ಹೇಗೆ ಉರಿಯುತ್ತದೆಂದು ಅವರಿಗೆ ಗೊತ್ತಿದೆ. ಮುಪ್ಪಿನ ಭಯವೂ ಅವರಿಗಿದೆ. ಅದಕ್ಕೆಷ್ಟು ಎತ್ತಿಡಬೇಕು, ಇವತ್ತಿಗೆಷ್ಟು ಬೇಕು ಎಂಬುದನ್ನು ಆ ಮೇಜಿನ ಮುಂದೆ ಅವರೇ ವಾದಿಸಲಿ.