ಮಾತು ಕೇಳದ ಕಾಲು ಯಾರದು?

ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರಿಗೆ ಪುನಶ್ಚೇತನ ಕೇಂದ್ರಗಳಲ್ಲಿ ಹೇಳಿಕೊಡುವ ಮೊದಲ ಪಾಠಗಳಲ್ಲಿ ಕನ್ನಡಿ ಹಿಡಿಯುವುದೂ ಒಂದು. ಉದ್ದ ಹಿಡಿಕೆಯ ಕನ್ನಡಿಯಲ್ಲಿ ಪೃಷ್ಠ, ಹಿಮ್ಮಡಿ, ಕಾಲ್ಬೆರಳ ಸಂದುಗಳನ್ನು ದಿನವೂ ನೋಡಿಕೊಳ್ಳಬೇಕು. ಚರ್ಮ ಕೆಂಪಾಗಿದೆಯೇ, ಬೊಬ್ಬೆ ಎದ್ದಿದೆಯೇ ಎಂದು ಕಣ್ಣೇ ತಿಳಿಸಬೇಕು. ನೋವು ಬಂದು ಎಚ್ಚರಿಸುವುದಿಲ್ಲ.

ಫ್ರಾನ್ಸಿನ ತತ್ತ್ವಜ್ಞಾನಿ ರೆನೆ ಡೆಕಾರ್ಟ್ 1641ರಲ್ಲಿ ಪ್ರಕಟಿಸಿದ ‘ಮೆಡಿಟೇಷನ್ಸ್’ ಕೃತಿಯ ಆರನೆಯ ಭಾಗದಲ್ಲಿ ಹೆಚ್ಚುಕಡಿಮೆ ಇಂಥದೇ ಸ್ಥಿತಿಯನ್ನು ಊಹಿಸಿ, ಮನುಷ್ಯ ಹಾಗಿಲ್ಲ ಎಂದು ವಾದಿಸಿದ್ದ. ಹಡಗಿಗೆ ಪೆಟ್ಟಾದರೆ ನಾವಿಕ ಅದನ್ನು ನೋಡಿ ತಿಳಿಯುತ್ತಾನೆ. ಮೈಗೆ ಗಾಯವಾದರೆ ನಾವು ನೋಡಿ ತಿಳಿಯುವುದಿಲ್ಲ, ನಮಗೇ ನೋಯುತ್ತದೆ. ಮನಸ್ಸು ಮೈಯೊಂದಿಗೆ ಬೆರೆತುಹೋಗಿದೆ ಎನ್ನುವುದಕ್ಕೆ ಅವನು ಕೊಟ್ಟ ಸಾಕ್ಷಿ ಆ ನೋವೇ. ಹಾಗಾದರೆ ನೋವೇ ಏಳದ ಕಾಲಿನ ಗತಿಯೇನು? ಕನ್ನಡಿ ಹಿಡಿದು ಕೂತವರು ತಮ್ಮದೇ ಮೈಯಲ್ಲಿ ನಾವಿಕರಾಗಿಬಿಟ್ಟರೇ? ಮುಟ್ಟಿದರೆ ತಿಳಿಯದ, ಹೇಳಿದರೆ ಕೇಳದ ಕಾಲನ್ನು ಯಾವ ಅರ್ಥದಲ್ಲಿ ‘ನನ್ನದು’ ಎನ್ನಬೇಕು?

ನಮ್ಮ ಕಠೋಪನಿಷತ್ತಿನಲ್ಲೂ ಶರೀರ ರಥ, ಆತ್ಮ ಅದರೊಳಗೆ ಕೂತ ರಥಿಕ. ಹಾಸಿಗೆ ಹಿಡಿದವರ ಪಕ್ಕ ಕೂತು ಹಿರಿಯರು ‘ಆಗಿದ್ದು ಮೈಗೆ, ನಿನಗೇನೂ ಆಗಿಲ್ಲ’ ಎಂದು ಸಮಾಧಾನ ಹೇಳುವಾಗ ಈ ದರ್ಶನವೇ ಅವರ ಬಾಯಲ್ಲಿ ಆಡುತ್ತಿರುತ್ತದೆ. ಅದರಲ್ಲಿ ಕರುಣೆಯಿದೆ, ಅದು ಎಷ್ಟೋ ಜನರನ್ನು ಬದುಕಿಸಿದೆ ಕೂಡ. ಆದರೆ ಆ ಮಾತನ್ನು ತುಸು ಎಳೆದರೂ ಸಾಕು, ಕಾಲು ಎತ್ತಿ ಇಡಬೇಕಾದ ಹೊರೆಯಾಗಿ ಉಳಿಯುತ್ತದೆ. ಅದೇ ಹಾಸಿಗೆಯ ಬಳಿ ಕೇಳಿಬರುವ ಇನ್ನೊಂದು ಮಾತು ಪೂರ್ವಜನ್ಮದ ಕರ್ಮದ್ದು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅಡಿಕೆ, ತೆಂಗಿನ ಮರದಿಂದ ಬಿದ್ದು ಬೆನ್ನು ಮುರಿದುಕೊಂಡವರ ತಲೆಗೆ ಪಾಪದ ಭಾರವನ್ನೂ ಕಟ್ಟುವುದು ಕ್ರೌರ್ಯ. ಅದನ್ನು ಧರ್ಮದ ಹೆಸರಿನಲ್ಲಿ ಹೇಳಬಾರದು.

ಕಾಲು ಯಾರದು ಎಂಬ ಪ್ರಶ್ನೆಗೆ ಶರೀರಶಾಸ್ತ್ರದ ಬಳಿ ಬೇರೆಯದೇ ಉತ್ತರವಿದೆ. ಇನ್ಸುಲಿನ್ ಸೂಚನೆ ಕೊಟ್ಟಾಗ ರಕ್ತದ ಸಕ್ಕರೆಯ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳುವುದು ಸ್ನಾಯುಗಳು. ಅವುಗಳಲ್ಲಿ ದೊಡ್ಡವು ತೊಡೆ ಮತ್ತು ಪೃಷ್ಠದವು. ಬೆನ್ನುಹುರಿ ತುಂಡಾದ ಕೆಲವೇ ವಾರಗಳಲ್ಲಿ ಅವು ಸೊರಗುತ್ತವೆ, ಕೊಬ್ಬು ಆ ಜಾಗಕ್ಕೆ ಬರುತ್ತದೆ. ತಕ್ಕಡಿಗೆ ಈ ಅದಲುಬದಲು ಕಾಣುವುದಿಲ್ಲ. ಆದ್ದರಿಂದಲೇ ಎತ್ತರ-ತೂಕದ ಸೂಚ್ಯಂಕ 22 ದಾಟಿದರೇ ಇವರ ಮಟ್ಟಿಗೆ ಬೊಜ್ಜು ಎಂದು ಎಣಿಸಬೇಕೆಂಬ ಸಲಹೆ ಬಂದಿದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಮಾಜಿ ಸೈನಿಕರ ಆಸ್ಪತ್ರೆಯ ವಿಲಿಯಂ ಬಾಮನ್ ಮತ್ತು ಆನ್ ಸ್ಪಂಗೆನ್ 1994ರಲ್ಲಿ ಬೆನ್ನುಹುರಿ ಪೆಟ್ಟಿನ 100 ಮಾಜಿ ಸೈನಿಕರಿಗೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷಿಸಿದ ವರದಿ ಪ್ರಕಟಿಸಿದರು. ಅವರಲ್ಲಿ 22 ಜನರಿಗೆ ಮಧುಮೇಹವಿತ್ತು. ಹೋಲಿಕೆಗೆ ತೆಗೆದುಕೊಂಡ, ಪೆಟ್ಟಿಲ್ಲದ ಗುಂಪಿನಲ್ಲಿ ಅದು ಶೇ 6 ಮಾತ್ರ.

ಅಂದರೆ ಸುಮ್ಮನೆ ಬಿದ್ದಿದೆ ಎಂದುಕೊಂಡ ಕಾಲು ಸುಮ್ಮನಿರುವುದಿಲ್ಲ. ಅದರ ಸ್ಥಿತಿ ಹೃದಯದವರೆಗೆ, ಕಣ್ಣಿನವರೆಗೆ, ಮೂತ್ರಪಿಂಡದವರೆಗೆ ಮುಟ್ಟುತ್ತದೆ.

ಡೆನ್ಮಾರ್ಕಿನ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಈ ವಿಷಯದಲ್ಲಿ ಬಹಳ ಬೆಲೆಯುಳ್ಳದ್ದು. ಬೆನ್ನುಹುರಿ ಪೆಟ್ಟಾದ 10 ಜನರ ತೊಡೆಗಳಿಗೆ ಸಣ್ಣ ವಿದ್ಯುತ್ ಪ್ರವಾಹ ಹಾಯಿಸಿ, ವಾರಕ್ಕೆ ಮೂರು ಸಲ, ಅರ್ಧ ಗಂಟೆಯಂತೆ ಒಂದು ವರ್ಷ ಸೈಕಲ್ ತುಳಿಸಿದರು. ಸ್ನಾಯು ಕುಗ್ಗಿದಾಗ ಗ್ಲುಟ್-4 ಎಂಬ ವಾಹಕ ಪ್ರೋಟೀನುಗಳು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಜೀವಕೋಶದ ಅಂಚಿಗೆ ಬಂದು ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ವರ್ಷ ಕಳೆಯುವಷ್ಟರಲ್ಲಿ ಆ ಸ್ನಾಯುಗಳಲ್ಲಿ ಗ್ಲುಟ್-4 ಪ್ರಮಾಣ ದ್ವಿಗುಣವಾಗಿತ್ತು, ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ಬಗೆಯೂ ಸುಧಾರಿಸಿತ್ತು. ತುಳಿಯುವ ಸಂಕಲ್ಪ ಕಾಲಿಗೆ ತಲುಪಲಿಲ್ಲ, ತುಳಿದ ಅನುಭವ ತಲೆಗೆ ತಲುಪಲಿಲ್ಲ. ಫಲ ಮಾತ್ರ ಇಡೀ ದೇಹಕ್ಕೆ ಸಂದಿತು. ‘ನಾನು’ ಎಂಬುದರ ಗಡಿಯನ್ನು ಸಂಕಲ್ಪ ಮತ್ತು ಸಂವೇದನೆ ಎರಡರಿಂದಲೇ ಗುರುತಿಸುತ್ತ ಬಂದ ತತ್ತ್ವಶಾಸ್ತ್ರ ಇಲ್ಲಿ ನಿಂತು ಯೋಚಿಸಬೇಕು. ಒಂದೇ ರಕ್ತ ಹಂಚಿಕೊಂಡು, ಒಂದೇ ಊಟವನ್ನು ಉಂಡು ಅರಗಿಸುವ ಅಂಗ ಪರಕೀಯವಾಗುವುದು ಹೇಗೆ?

ಅದೇ ಪ್ರಯೋಗಕ್ಕೆ ಇನ್ನೊಂದು ಭಾಗವಿತ್ತು. ಮುಂದಿನ ಆರು ತಿಂಗಳು ಅಭ್ಯಾಸವನ್ನು ವಾರಕ್ಕೆ ಒಂದೇ ಸಲಕ್ಕೆ ಇಳಿಸಿದಾಗ ಗಳಿಸಿದ್ದು ಕರಗಿಹೋಯಿತು.

ಮೀಮಾಂಸಕರು ಕರ್ಮಗಳನ್ನು ವಿಂಗಡಿಸುವಾಗ ಕಾಮ್ಯ, ನಿತ್ಯ ಎಂಬ ಭೇದ ಮಾಡುತ್ತಾರೆ. ಪುತ್ರಕಾಮೇಷ್ಟಿ ಕಾಮ್ಯ: ಬಯಸಿದ್ದು ದಕ್ಕಲೆಂದು ಮಾಡುವುದು. ಸಂಧ್ಯಾವಂದನೆ ನಿತ್ಯ: ಮಾಡಿದರೆ ವಿಶೇಷ ಫಲ ಬರಲೆಂದಲ್ಲ, ಬಿಟ್ಟರೆ ಪ್ರತ್ಯವಾಯ, ಅಂದರೆ ದೋಷ ತಟ್ಟುತ್ತದೆ. ಬೆನ್ನುಹುರಿಯ ಪೆಟ್ಟಿನ ನಂತರ ಮನೆಮಂದಿ ವ್ಯಾಯಾಮವನ್ನು ಕಾಮ್ಯಕರ್ಮವಾಗಿಯೇ ಶುರುಮಾಡುತ್ತಾರೆ. ‘ಯಾವಾಗ ನಡೀತಾನೆ?’ ಎಂಬುದೊಂದೇ ಪ್ರಶ್ನೆ. ನಡೆಯುವ ಭರವಸೆ ಇಲ್ಲ ಎಂದು ವೈದ್ಯರು ಹೇಳಿದ ದಿನ ವ್ಯಾಯಾಮವೂ ನಿಲ್ಲುತ್ತದೆ, ಆ ಇಷ್ಟಿ ವಿಫಲವಾಯಿತೆಂಬಂತೆ. ಅದು ನಿತ್ಯಕರ್ಮವಾಗಬೇಕಾಗಿದ್ದದ್ದು ಸರಿಯಾಗಿ ಆ ದಿನದಿಂದ. ನಡಿಗೆಯ ಕನಸು ಕೆಟ್ಟದ್ದಲ್ಲ. ಆದರೆ ರಕ್ತನಾಳಗಳ ಆರೋಗ್ಯವನ್ನು ಆ ಕನಸಿಗೆ ಒತ್ತೆಯಿಡುವುದು ಜೀವಕ್ಕೇ ಅಪಾಯ. ಪೆಟ್ಟಾಗಿ ವರ್ಷಗಳು ಕಳೆದವರ ಸಾವಿನ ಮುಖ್ಯ ಕಾರಣಗಳಲ್ಲಿ ಹೃದ್ರೋಗವೂ ಒಂದು.

ನಡಿಗೆ ಮರಳದಿದ್ದರೂ ಮೈಯನ್ನು ಕೈಬಿಡಬಾರದು ಎಂಬ ಮಾತಿಗೆ ಬದುಕಿನ ಪುರಾವೆ ಬೇಕೆಂದರೆ ವೆಲ್ಲೂರಿನ ಡಾ. ಮೇರಿ ವರ್ಗೀಸ್ ಅವರತ್ತ ನೋಡಬೇಕು. 1954ರ ರಸ್ತೆ ಅಪಘಾತದಲ್ಲಿ ಈ ಯುವ ವೈದ್ಯೆಯ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಹೋಯಿತು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಪಾಲ್ ಬ್ರಾಂಡ್ ಅವರ ಪ್ರೋತ್ಸಾಹದಿಂದ ಅವರು ವೀಲ್‌ಚೇರಿನಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡತೊಡಗಿದರು. ಕುಷ್ಠರೋಗಿಗಳ ಬೆರಳು ಸವೆಯುವುದಕ್ಕೆ ಮಾಂಸ ಕೊಳೆಯುವುದು ಕಾರಣವಲ್ಲ, ನೋವು ತಿಳಿಯದೆ ಗಾಯವಾಗುತ್ತಲೇ ಹೋಗುವುದು ಕಾರಣ ಎಂದು ತೋರಿಸಿಕೊಟ್ಟವರು ಇದೇ ಬ್ರಾಂಡ್. ಸಂವೇದನೆ ಕಳೆದುಕೊಂಡ ಕಾಲುಗಳ ವೈದ್ಯೆ ಸಂವೇದನೆ ಕಳೆದುಕೊಂಡ ಕೈಗಳನ್ನು ಮತ್ತೆ ಕೆಲಸಕ್ಕೆ ತಂದರು. ಮುಂದೆ ನ್ಯೂಯಾರ್ಕಿನಲ್ಲಿ ಹೊವರ್ಡ್ ರಸ್ಕ್ ಬಳಿ ಪುನಶ್ಚೇತನ ವೈದ್ಯಕೀಯ ಕಲಿತು ಬಂದು, ವೆಲ್ಲೂರಿನಲ್ಲಿ ಆ ವಿಭಾಗವನ್ನೇ ಕಟ್ಟಿದರು. ಅವರು ಆಳವಾದ ನಂಬಿಕೆಯ ಕ್ರೈಸ್ತರು. ಅವರ ದೈವಭಕ್ತಿ ಮೈಯನ್ನು ಮರೆಯಲು ಹೇಳಲಿಲ್ಲ. ಶರಣರ ಪರಂಪರೆಯಲ್ಲಿ ಪ್ರಸಾದಕಾಯವೆಂಬ ಕಲ್ಪನೆಯೊಂದಿದೆ, ದೇಹ ಒಲಿದು ಬಂದದ್ದು, ಅದನ್ನು ಕೆಡಿಸಬಾರದು ಎಂಬ ಭಾವ. ಬೇರೆ ಧರ್ಮದ, ಬೇರೆ ಕಾಲದ ಈ ಹೆಣ್ಣುಮಗಳ ದುಡಿಮೆಯನ್ನು ಅರ್ಥ ಮಾಡಿಕೊಳ್ಳಲು ಅದು ಚೆನ್ನಾಗಿ ಒದಗುತ್ತದೆ.

2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಕೇಳುವುದೇನೂ ಅಸಾಧ್ಯವಾದದ್ದಲ್ಲ. ಹೃದಯ ಮತ್ತು ಚಯಾಪಚಯದ ಆರೋಗ್ಯಕ್ಕೆ ವಾರಕ್ಕೆ ಮೂರು ಸಲ, ತಲಾ 30 ನಿಮಿಷ ಉಸಿರು ಏರುವಂಥ ವ್ಯಾಯಾಮ. ಕೈಯಿಂದ ತಿರುಗಿಸುವ ಪೆಡಲು, ವೀಲ್‌ಚೇರನ್ನು ಬಿರುಸಾಗಿ ತಳ್ಳುವುದು, ಈಜು, ಯಾವುದಾದರೂ ಆದೀತು. ವಿದ್ಯುತ್ತಿನ ಸೈಕಲ್ ಎಲ್ಲರಿಗೂ ಆಗಿಬರುವುದಿಲ್ಲ. ಹುರಿಯಿಂದ ಸ್ನಾಯುವಿಗೆ ಹೋಗುವ ನರವೇ ಸತ್ತಿದ್ದರೆ ಅದು ಕೆಲಸ ಮಾಡದು. ಎದೆಯ ಆರನೆಯ ಕಶೇರುಕದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ರಕ್ತದೊತ್ತಡ ಇದ್ದಕ್ಕಿದ್ದಂತೆ ಅಪಾಯಕಾರಿ ಮಟ್ಟಕ್ಕೆ ಏರಬಹುದು, ಬೆವರಿ ಮೈ ತಣಿಸಿಕೊಳ್ಳುವ ಶಕ್ತಿಯೂ ಕುಂದಿರುತ್ತದೆ. ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಭುಜಗಳ ಮೇಲೂ ಕಣ್ಣಿರಬೇಕು, ಕಾಲಿನ ಕೆಲಸವನ್ನೂ ಹೊತ್ತ ಅವು ಬೇಗ ಸವೆಯುತ್ತವೆ.

ಇದೆಲ್ಲ ನಮ್ಮ ಹಳ್ಳಿಗಳಿಗೆ ತಲುಪಬೇಕಾದರೆ ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನದ ಚೀಟಿಯಲ್ಲಿ ಮೂತ್ರನಾಳಿಕೆ, ಮಗ್ಗುಲು ಬದಲಿಸುವ ಸಮಯಗಳ ಕೆಳಗೆ ವ್ಯಾಯಾಮದ ಹೊತ್ತನ್ನೂ ವರ್ಷಕ್ಕೊಮ್ಮೆ ಸಕ್ಕರೆ, ಕೊಲೆಸ್ಟೆರಾಲ್ ಪರೀಕ್ಷೆ ಮಾಡಿಸಬೇಕೆಂಬುದನ್ನೂ ಬರೆದುಕೊಡಬೇಕು. ಮನೆಯವರಿಗೆ ಅದನ್ನು ಕೂರಿಸಿ ವಿವರಿಸಬೇಕು: ಈ ಕಾಲು ನಡೆಯದಿದ್ದರೂ ದುಡಿಯುತ್ತದೆ, ದುಡಿಸಿ.