ಗುರಿ ತಪ್ಪಿದಾಗ ದೋಷ ಯಾರದು?

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ತನ್ನ ಕೈಲಾಗದುದಕ್ಕೆ ಸಾಧನವನ್ನು ಹಳಿಯುವವನ ಬಾಯಿ ಮುಚ್ಚಿಸಲು ಇದಕ್ಕಿಂತ ಹರಿತವಾದ ಮಾತಿಲ್ಲ. ಆದರೆ ನನಗೆ ಬಹುಕಾಲದಿಂದ ಒಂದು ಸಂದೇಹವುಂಟು. ನೆಲವು ನಿಜವಾಗಿಯೂ ಡೊಂಕಾಗಿದ್ದಿದ್ದರೆ? ಗಾದೆಯನ್ನು ಕಟ್ಟಿದ ಹಿರಿಯರು ರಸಮಟ್ಟವನ್ನಿಟ್ಟು ಆ ನೆಲವನ್ನು ಪರೀಕ್ಷಿಸಿದಂತೆ ಕಾಣುವುದಿಲ್ಲ. ಆ ಹೆಣ್ಣುಮಗಳ ಮಾತಿಗೆ ಸಾಕ್ಷಿ ಕೇಳದೆಯೇ ತೀರ್ಪು ಕೊಟ್ಟುಬಿಟ್ಟರು.

ವ್ಯಾಕರಣದಲ್ಲಿ ಕರ್ತೃವು ಬೇರೆ, ಕರಣವು ಬೇರೆ. ಸಂಸ್ಕೃತದ ಕರ್ತರಿ ಪ್ರಯೋಗದಲ್ಲಿ ಪ್ರಥಮೆಯೂ ತೃತೀಯೆಯೂ ಇವರಿಬ್ಬರ ಗುರುತನ್ನು ಹೇಳಿಬಿಡುತ್ತವೆ. ಕರ್ಮಣಿ ಪ್ರಯೋಗಕ್ಕೆ ಬಂದರೆ ಇಬ್ಬರೂ ತೃತೀಯೆಯಲ್ಲಿಯೇ ನಿಲ್ಲುವರು. ಎಳೆಯ ವಿದ್ಯಾರ್ಥಿಗಳು ಮುಗ್ಗರಿಸುವುದು ಅಲ್ಲಿಯೇ. ಲೋಕವ್ಯವಹಾರವೆಲ್ಲ ಬಹುಮಟ್ಟಿಗೆ ಕರ್ಮಣಿ ಪ್ರಯೋಗವೆಂದೇ ನನಗೆ ತೋರುತ್ತದೆ. ಕೆಲಸವು ಕೆಟ್ಟಿತು; ಯಾರಿಂದ ಕೆಟ್ಟಿತು, ಯಾವುದರಿಂದ ಕೆಟ್ಟಿತು ಎಂಬುದು ಒಂದೇ ವಿಭಕ್ತಿಯಲ್ಲಿ ಅಡಗಿ ಕುಳಿತಿರುತ್ತದೆ.

ಈ ವಿವೇಚನೆಗೆ ನಾನು ತೆಗೆದುಕೊಳ್ಳುವ ನಿದರ್ಶನವು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ನಾನು ಬಂದೂಕನ್ನು ಹಿಡಿದವನಲ್ಲ, ಹಿಡಿಯುವ ಆಸೆಯೂ ಇಲ್ಲ. ಆದರೂ ಗುರಿಯ ಪಂದ್ಯಗಳಲ್ಲಿ ಬಳಸುವ ಬಂದೂಕನ್ನು ಪರೀಕ್ಷಿಸಿ ತಿದ್ದುವವರ ಪದ್ಧತಿಯನ್ನು ಕುರಿತು ಓದಿದಾಗ, ನಮ್ಮ ನೈಯಾಯಿಕರು ಕಂಡಿದ್ದರೆ ಮೆಚ್ಚುತ್ತಿದ್ದರೆನಿಸಿತು.

ಅಮೆರಿಕದ ಓಹಾಯೋ ಸಂಸ್ಥಾನದಲ್ಲಿ ಈರೀ ಸರೋವರದ ದಡದ ಮೇಲೆ ಕ್ಯಾಂಪ್ ಪೆರಿ ಎಂಬ ಮೈದಾನವುಂಟು. 1907ರಿಂದ ಅಲ್ಲಿ ಗುರಿಯ ಪಂದ್ಯಗಳು ನಡೆಯುತ್ತ ಬಂದಿವೆ. ಆ ದೇಶದ ಸೈನ್ಯವು 1936ರಲ್ಲಿ ಜಾನ್ ಗ್ಯಾರಂಡ್ ಎಂಬಾತನು ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ರಚಿಸಿದ ಬಂದೂಕನ್ನು ಅಂಗೀಕರಿಸಿತು. ಅದು ಅರೆ-ಸ್ವಯಂಚಾಲಿತವಾದದ್ದು, ಅಂದರೆ ಒಂದು ಸಲ ಟ್ರಿಗರನ್ನು ಒತ್ತಿದರೆ ಒಂದೇ ಗುಂಡು ಹಾರುವುದು, ಆದರೆ ಖಾಲಿ ತೋಟಾವನ್ನು ಹೊರಕ್ಕೆಸೆದು ಮುಂದಿನದನ್ನು ನಳಿಗೆಗೆ ಸೇರಿಸುವ ಕೆಲಸವನ್ನು ಸುಟ್ಟ ಮದ್ದಿನ ಅನಿಲವೇ ಮಾಡುವುದು. ಎಂಟು ತೋಟಾಗಳ ಒಂದು ಕಟ್ಟು. ಯುದ್ಧಕ್ಕೆಂದು ಹುಟ್ಟಿದ ಈ ಯಂತ್ರವನ್ನು 1950ರ ದಶಕದಲ್ಲಿ ಪಂದ್ಯಕ್ಕೆ ಯೋಗ್ಯವಾಗುವಂತೆ ತಿದ್ದತೊಡಗಿದರು.

ತಿದ್ದುವುದು ಸುಲಭವಲ್ಲ. ಒಂದೊಂದು ಗುಂಡಿಗೂ ಅಗುಳಿಯು ಹಿಂದಕ್ಕೋಡಿ ಮುಂದಕ್ಕೆ ಬಂದು ಕೂರಬೇಕು. ಪ್ರತಿ ಸಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದೇ ಸ್ಥಾನದಲ್ಲಿ ಕೂರಬೇಕು. ಮರದ ಒಡಲು ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುವುದರಿಂದ, ಲೋಹದ ಭಾಗವು ಅದರೊಳಗೆ ಅಲುಗದಂತೆ ಗಾಜಿನ ನಾರು ಬೆರೆಸಿದ ಅಂಟನ್ನು ತುಂಬಿ ಅಚ್ಚಿನಂತೆ ಕೂರಿಸುವರು. ನಳಿಗೆಯ ತುದಿಯ ಅನಿಲದ ಕೊಳವೆಯು ಸಡಿಲವಾಗದಂತೆ ಬಿಗಿಗೊಳಿಸುವರು. ಗುರಿ ನೋಡುವ ಹಿಂದಿನ ಕಿಂಡಿಯು ಒಂದು ಹಲ್ಲಿಗೆ ಒಂದು ನಿಮಿಷದಷ್ಟು ಸರಿಯುತ್ತಿದ್ದುದನ್ನು ಅರ್ಧ ನಿಮಿಷಕ್ಕೆ ಇಳಿಸುವರು. ಇಲ್ಲಿ ನಿಮಿಷವೆಂದರೆ ಕಾಲವಲ್ಲ, ಕೋನದ ಅಳತೆ, ಒಂದು ಅಂಶದ 60ರಲ್ಲಿ ಒಂದು ಪಾಲು. 100 ಗಜದ ದೂರದಲ್ಲಿ ಅದು ಒಂದು ಅಂಗುಲಕ್ಕೆ ಕೊಂಚ ಹೆಚ್ಚು. 600 ಗಜದಲ್ಲಿ ಆರು ಅಂಗುಲಕ್ಕೂ ಮಿಗಿಲು.

ಇದೆಲ್ಲವೂ ಕಮ್ಮಾರನ ಜಾಣತನವಾಯಿತು. ನನ್ನ ಮನಸ್ಸು ನೆಟ್ಟದ್ದು ಪರೀಕ್ಷೆಯ ಭಾಗದಲ್ಲಿ. ಗುಂಡುಗಳೆಲ್ಲವೂ ಒತ್ತಾಗಿ ಒಂದೇ ಕಡೆ ಬಿದ್ದು, ಆ ಕಡೆ ಮಾತ್ರ ಗುರಿಯಿಂದ ದೂರವಾಗಿದ್ದರೆ ಅದು ಒಂದು ಬಗೆಯ ದೋಷ. ಕಿಂಡಿಯನ್ನು ನಾಲ್ಕು ಹಲ್ಲು ತಿರುಗಿಸಿದರೆ ತೀರಿತು. ಗುಂಡುಗಳು ಗುರಿಯ ಸುತ್ತಲೂ ಚದರಿ ಬೀಳುವುದು ಇನ್ನೊಂದು ಬಗೆಯ ದೋಷ. ಅದಕ್ಕೆ ಯಾವ ತಿರುಪೂ ಮದ್ದಲ್ಲ. ಸದಾ ಕೋಪಿಷ್ಠನಾದ ಮನುಷ್ಯನೊಡನೆ ಬಾಳಬಹುದು, ಹೊತ್ತಿಗೊಂದು ಬುದ್ಧಿಯವನೊಡನೆ ಬಾಳುವುದು ಕಷ್ಟವೆಂದು ನಮ್ಮ ಮನೆಗಳಲ್ಲಿ ಹೆಂಗಸರು ಹೇಳುವುದು ಇದನ್ನೇ.

ಇನ್ನು ಚದರಿಕೆಯನ್ನು ಅಳೆಯುವ ಬಗೆ. ಮೂರು ಗುಂಡು ಹಾರಿಸಿ, ಅವುಗಳಲ್ಲಿ ಅತಿ ದೂರವಾದ ಎರಡರ ನಡುವಣ ಅಂತರವನ್ನು ಹಿಡಿದು, ‘ನನ್ನ ಬಂದೂಕು ಒಂದಂಗುಲದ್ದು’ ಎಂದು ಹೇಳಿಕೊಳ್ಳುವವರು ಬಹಳ. ಗಣಿತವು ಬೇರೆಯದನ್ನೇ ಹೇಳುತ್ತದೆ. ಮೂರು ಗುಂಡುಗಳಲ್ಲಿ ಸರಾಸರಿ ಒಂದಂಗುಲ ಹರಡುವ ಬಂದೂಕು ಹತ್ತು ಗುಂಡುಗಳಲ್ಲಿ ಸರಾಸರಿ 1.6 ಅಂಗುಲದಷ್ಟು ಹರಡುವುದು. ಬಂದೂಕು ಕೆಟ್ಟಿಲ್ಲ, ನಾವು ಕೇಳಿದ ಪ್ರಶ್ನೆ ದೊಡ್ಡದಾಯಿತು, ಅಷ್ಟೆ. ಒಂದೇ ದಿನ ಹತ್ತು ಕಾಗದಗಳ ಮೇಲೆ ಹಾರಿಸಿ, ಅತ್ಯಂತ ಚೊಕ್ಕವಾದ ಒಂದನ್ನು ಕಿಸೆಯಲ್ಲಿಟ್ಟುಕೊಂಡು ಒಂಬತ್ತನ್ನು ಹರಿದುಹಾಕುವವನೂ ಉಂಟು. ಮರವನ್ನು ಕೊರೆಯುವ ಹುಳುವು ಒಮ್ಮೊಮ್ಮೆ ಅಕ್ಷರದಂಥ ಗೆರೆಯನ್ನು ಕೊರೆದುಬಿಡುತ್ತದೆ. ಅದನ್ನು ಘುಣಾಕ್ಷರ ನ್ಯಾಯವೆನ್ನುವರು. ಹುಳುವಿಗೆ ಅಕ್ಷರಾಭ್ಯಾಸವಾಗಿದೆಯೆಂದು ಯಾರೂ ಹೇಳರು. ಕಿಸೆಯಲ್ಲಿರುವ ಆ ಕಾಗದವೂ ಹಾಗೆಯೇ. ವಿಷಾದದ ಸಂಗತಿಯೆಂದರೆ, ಅದನ್ನು ತೋರಿಸುವವನು ಸುಳ್ಳುಗಾರನಲ್ಲ. ಕಾಗದವು ನಿಜ, ತೂತುಗಳು ನಿಜ. ಹರಿದುಹಾಕಿದ ಒಂಬತ್ತರ ಮೌನವೊಂದೇ ಸುಳ್ಳು.

ಆ ಪದ್ಧತಿಯಲ್ಲಿ ನಾನು ಬಹುವಾಗಿ ಮೆಚ್ಚಿದ್ದು ಎರಡನ್ನು. ಗುಂಡು ಹಾರಿದ ಕೂಡಲೆ, ದೂರದರ್ಶಕದಲ್ಲಿ ಗುರಿಹಲಗೆಯನ್ನು ನೋಡುವುದಕ್ಕೆ ಮೊದಲೇ, ‘ಬಲಕ್ಕೆ, ಕೊಂಚ ಕೆಳಗೆ’ ಎಂದು ತನ್ನ ಗುಂಡು ಎಲ್ಲಿ ಬಿದ್ದಿರಬೇಕೆಂಬುದನ್ನು ಹೇಳಿ ಪುಸ್ತಕದಲ್ಲಿ ಗುರುತು ಹಾಕಬೇಕು. ಆಮೇಲೆ ನೋಡಬೇಕು. ಹೇಳಿದಲ್ಲಿಯೇ ಬಿದ್ದಿದ್ದರೆ ಕೈಯ ದೋಷ. ಕೈ ನೇರವಾಗಿತ್ತೆಂದು ಹೇಳಿದಾಗಲೂ ಗುಂಡು ಬೇರೆಡೆ ಬೀಳುತ್ತಲೇ ಇದ್ದರೆ ಬಂದೂಕನ್ನೋ ತೋಟಾವನ್ನೋ ಗಾಳಿಯನ್ನೋ ಶಂಕಿಸಬಹುದು. ದ್ರೋಣಾಚಾರ್ಯರು ಅರ್ಜುನನನ್ನು ಕೇಳಿದ್ದು ಬಾಣ ಬಿಡುವ ಮುನ್ನ, ಏನು ಕಾಣುತ್ತದೆಂದು. ಬಾಣ ಬಿಟ್ಟ ಮೇಲೆ, ಫಲವನ್ನು ಕಾಣುವ ಮುನ್ನ, ‘ಏನು ಮಾಡಿದೆ?’ ಎಂದು ಕೇಳುವುದು ಇನ್ನೂ ಕಠಿಣವಾದ ಪ್ರಶ್ನೆಯೆಂದು ನನ್ನ ಅಭಿಪ್ರಾಯ.

ಎರಡನೆಯದು, ಸಹಾಯಕನೊಬ್ಬನು ಹಾರಿಸುವವನಿಗೆ ತಿಳಿಯದಂತೆ ನಡುನಡುವೆ ಮದ್ದಿಲ್ಲದ ತೋಟಾವನ್ನು ಸೇರಿಸಿ ಕೊಡುವುದು. ಟ್ರಿಗರನ್ನು ಒತ್ತಿದಾಗ ಸದ್ದಿಲ್ಲ, ಒದೆತವಿಲ್ಲ. ಆದರೂ ಭುಜವು ಮುಂದಕ್ಕೆ ನುಗ್ಗುವುದು, ಕಣ್ಣು ಮುಚ್ಚುವುದು. ಬಂದೂಕಿನ ಒದೆತವು ಇಷ್ಟು ದಿನ ಮುಚ್ಚಿಟ್ಟಿದ್ದ ಆ ಬೆಚ್ಚುವಿಕೆಯು ಎಲ್ಲರೆದುರು ಬಯಲಾಗುವುದು. ‘ಬಂದೂಕು ಎಡಕ್ಕೆ ಎಳೆಯುತ್ತದೆ’ ಎಂದು ವರ್ಷಗಟ್ಟಲೆ ದೂರಿದವನಿಗೆ ಆ ದಿನ ಮಾತು ಹೊರಡದು.

ಇಷ್ಟಾದರೂ ನೆಲವು ಡೊಂಕಾಗಿರುವುದುಂಟೆಂಬುದನ್ನು ಮರೆಯಲಾಗದು. ಕಟ್ಟಿನ ಮೊದಲನೆಯ ತೋಟಾವು ಕೈಯಿಂದ ಬಿಟ್ಟ ಅಗುಳಿಯಿಂದ ಸೇರುವುದು, ಉಳಿದವು ಯಂತ್ರದ ವೇಗದಿಂದ. ಆದ್ದರಿಂದ ಮೊದಲನೆಯ ಗುಂಡು ಉಳಿದವುಗಳಿಂದ ಬೇರೆಯಾಗಿ ಬೀಳುವುದನ್ನು ಅನೇಕರು ಕಂಡಿದ್ದಾರೆ. ಅದು ಕೈಯ ದೋಷವಲ್ಲ. ಇಂಥದನ್ನು ಕಂಡುಹಿಡಿಯಲು ಅನ್ವಯವ್ಯತಿರೇಕವೊಂದೇ ದಾರಿ: ಒಂದನ್ನು ಮಾತ್ರ ಬದಲಿಸಿ ಉಳಿದುದೆಲ್ಲವನ್ನೂ ಹಾಗೆಯೇ ಇಟ್ಟು ನೋಡುವುದು. ಮರ, ತೋಟಾ, ಟ್ರಿಗರು ಮೂರನ್ನೂ ಒಂದೇ ದಿನ ತಿದ್ದಿದವನ ಬಂದೂಕು ಸುಧಾರಿಸಬಹುದು, ಅವನ ಜ್ಞಾನವು ಸುಧಾರಿಸದು.

ದೂರ ಬಿದ್ದ ಗುಂಡನ್ನು ಲೆಕ್ಕದಿಂದ ಬಿಡಬಹುದೆ? ಬಿಡಬಹುದು, ಫಲವನ್ನು ಕಾಣುವ ಮುನ್ನವೇ ‘ಇದು ನನ್ನ ಕೈ ತಪ್ಪಿತು’ ಎಂದು ಹೇಳಿದ್ದರೆ ಮಾತ್ರ; ಅದೂ ಬಂದೂಕಿನ ಲೆಕ್ಕದಿಂದ, ತನ್ನ ಲೆಕ್ಕದಿಂದಲ್ಲ. ಕಂಡ ಮೇಲೆ ಬಿಡುವುದಕ್ಕೆ ಯಾವ ಶಾಸ್ತ್ರದಲ್ಲಿಯೂ ಆಧಾರವಿಲ್ಲ.

ಇದನ್ನು ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯಿತು. ಉಪಾಧ್ಯಾಯನಾಗಿದ್ದ ಕಾಲದಲ್ಲಿ ಒಂದು ವರ್ಷ ಇನ್ಸ್‌ಪೆಕ್ಟರು ಬರುವರೆಂಬ ಸುದ್ದಿ ಬಂದಿತು. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿಗೆ ಎಷ್ಟು ಹೇಳಿದರೂ ಸಂಧಿಯು ಹತ್ತುತ್ತಿರಲಿಲ್ಲ. ಹಿಂದಿನ ಸಂಜೆ ಅವನನ್ನು ಕರೆದು, ‘ನಾಳೆ ನಿನಗೆ ರಜ, ಮನೆಯಲ್ಲಿರು’ ಎಂದೆನು. ಅವನು ಸಂತೋಷದಿಂದಲೇ ಓಡಿದನು. ಮರುದಿನ ಉಳಿದ ಹುಡುಗರು ಅರಳು ಹುರಿದಂತೆ ಉತ್ತರ ಹೇಳಿದರು. ನನ್ನ ಬೋಧನಾಕ್ರಮವನ್ನು ಶ್ಲಾಘಿಸಿ ಇನ್ಸ್‌ಪೆಕ್ಟರು ಪುಸ್ತಕದಲ್ಲಿ ಬರೆದುಹೋದರು. ಮಾರನೆಯ ದಿನ ಆ ಹುಡುಗನು ಬಂದು ನನ್ನ ಮೇಜಿನ ಹತ್ತಿರ ನಿಂತು, ‘ಮೇಷ್ಟ್ರೇ, ನಿನ್ನೆ ನನಗೊಬ್ಬನಿಗೇ ರಜವಂತೆ, ಹೌದೆ?’ ಎಂದು ಕೇಳಿದನು. ಹೌದೆಂದು ಹೇಳಿ ಹಲಗೆಯ ಕಡೆಗೆ ತಿರುಗಿದೆನು. ಅಂದಿನ ಪಾಠವೂ ಸಂಧಿಯೇ ಆಗಿತ್ತು.